ಟ್ರಂಪೆಟ್‌ಗೆ ಮೈಕಾ, ಪಿಕಪ್ಪಾ? ಎರಡು ವರ್ಷ ಊದಿ ನೋಡಿದ್ದು

ಟ್ರಂಪೆಟ್‌ಗೆ ಮೈಕ್ ಯಾಕೆ ಬೇಕು, ಅದೇ ಕಿವಿ ಒಡೆಯುವ ಹಾಗೆ ಇರುತ್ತಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಜೋರಾಗಿ ಊದುವಾಗ ಬೇಡ, ನಿಜ. ಮೆಲ್ಲಗೆ ಊದುವಾಗ ಬೇಕು. ಪಕ್ಕದಲ್ಲಿ ಡ್ರಮ್ಸ್, ಆಚೆ ಕೀಬೋರ್ಡ್, ಎರಡೂ ಕಡೆ ಆಳೆತ್ತರದ ಬಾಕ್ಸ್‌ಗಳು. ಆ ಗಲಾಟೆಯಲ್ಲಿ ಚರಣ ಮುಗಿದ ಮೇಲೆ ಬರುವ ಮೆತ್ತನೆಯ ಬಿಟ್ (ಹಾಡಿನ ನಡುವೆ ವಾದ್ಯ ನುಡಿಸುವ ತುಣುಕು) ಮೊದಲ ಸಾಲಿನ ಕುರ್ಚಿಗೂ ತಲುಪುವುದಿಲ್ಲ. ತಲುಪಲಿ ಅಂತ ಒತ್ತಿ ಊದಿದರೆ ನಾದವೇ ಬದಲಾಗಿಬಿಡುತ್ತದೆ.

ಗಣೇಶನ ಸೀಸನ್ನಿನಲ್ಲಿ, ನವೆಂಬರಿನ ರಾಜ್ಯೋತ್ಸವಗಳಲ್ಲಿ ನಾನು ಆರ್ಕೆಸ್ಟ್ರಾಗಳಿಗೆ ಊದುತ್ತೇನೆ. ಉಳಿದ ದಿನ ನಾಲ್ಕು ಜನ ಗೆಳೆಯರು ಸೇರಿ ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕಡೆ ಫ್ಯೂಷನ್ ನುಡಿಸುತ್ತೇವೆ. ಸ್ಟ್ಯಾಂಡ್ ಮೈಕ್, ಬೆಲ್ಲಿಗೆ (ಟ್ರಂಪೆಟ್‌ನ ಅಗಲವಾದ ಬಾಯಿಗೆ) ಸಿಕ್ಕಿಸುವ ಕ್ಲಿಪ್ ಮೈಕ್, ತುಟಿ ಇಟ್ಟು ಊದುವ ಮೌತ್‌ಪೀಸಿಗೆ ಕೂರಿಸುವ ಪಿಕಪ್, ಈ ಮೂರನ್ನೂ ಎರಡು ವರ್ಷದಿಂದ ಬಳಸಿ ನೋಡಿದ್ದೇನೆ. ಮೂರಕ್ಕೂ ನಾನು ಇಟ್ಟ ಪರೀಕ್ಷೆ ಒಂದೇ: ಮೆಲ್ಲಗೆ ಊದಿದ್ದು ಹೇಗೆ ಕೇಳುತ್ತದೆ?

ಸ್ಟ್ಯಾಂಡಿನ ಮೇಲೆ ನನ್ನದು ಶೂರ್ ಎಸ್‌ಎಂ57. ಡೈನಾಮಿಕ್ ಮೈಕ್, ಫ್ಯಾಂಟಮ್ ಪವರ್ (ಮಿಕ್ಸರಿನಿಂದ ಕೇಬಲಿನಲ್ಲೇ ಬರುವ ಕರೆಂಟ್) ಬೇಡ, ಎಷ್ಟು ಜೋರು ಊದಿದರೂ ತಡೆದುಕೊಳ್ಳುತ್ತದೆ. ಇದು ಹಿಡಿಯುವುದು 40ರಿಂದ 15,000 ಹರ್ಟ್ಸ್ ತನಕ. ಟ್ರಂಪೆಟ್‌ನ ತೀರಾ ಕೆಳಗಿನ ಸ್ವರವೇ ಸುಮಾರು 165 ಹರ್ಟ್ಸ್, ಹಾಗಾಗಿ ಕೆಳಗಡೆ ಏನೂ ತಪ್ಪಿಹೋಗುವುದಿಲ್ಲ. ಮೈಕ್‌ಸೆಟ್‌ನವರ ಹತ್ತಿರ ಹಾಡುಗಾರರ ಎಸ್‌ಎಂ58 ಮಾತ್ರ ಇದ್ದರೂ ನಡೆಯುತ್ತದೆ.

ಮೆಲ್ಲಗೆ ಊದುವಾಗ ಬೆಲ್ಲನ್ನು ಮೈಕಿಗೆ ನಾಲ್ಕು ಬೆರಳಿನಷ್ಟು ಹತ್ತಿರ ತಂದರೆ ಸಾಕು. ಹತ್ತಿರ ಹೋದಷ್ಟೂ ಇಂಥ ಮೈಕ್‌ಗಳಲ್ಲಿ ಬೇಸ್ ಜಾಸ್ತಿಯಾಗುತ್ತದೆ, ಸಣ್ಣ ದನಿಗೂ ಒಂದು ಮೈಕಟ್ಟು ಬರುತ್ತದೆ. ಜೋರಿನ ಜಾಗ ಬಂದಾಗ ಒಂದೂವರೆ ಅಡಿ ಹಿಂದೆ ಸರಿದು, ಬೆಲ್ಲನ್ನು ಸ್ವಲ್ಪ ಓರೆ ಮಾಡುತ್ತೇನೆ. ಟ್ರಂಪೆಟ್‌ನ ಚೂಪು ದನಿಯೆಲ್ಲ ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ, ಓರೆ ಮಾಡಿದರೆ ಆ ಚೂಪು ಇಳಿಯುತ್ತದೆ. ಮದುವೆ ಮನೆಯಲ್ಲಿ ವಾಲಗದವರನ್ನು ನೋಡಿದ್ದೀರಲ್ಲ, ನಾದಸ್ವರವನ್ನು ಮೈಕಿನ ಮುಂದೆ ತರುತ್ತಾ ದೂರ ಸರಿಸುತ್ತಾ ಊದುತ್ತಾರೆ. ಅದೇ ವಿದ್ಯೆ. ಕಲಿಯಲು ತಿಂಗಳುಗಳೇ ಬೇಕಾಯಿತು. ಈಗ ಅದು ನನ್ನ ಊದುವಿಕೆಯ ಭಾಗವೇ ಆಗಿದೆ.

ಕಷ್ಟ ಬರುವುದು ಸಣ್ಣ ಸ್ಟೇಜಿನಲ್ಲಿ. ಹನುಮಂತನಗರದ ಒಂದು ಗಣೇಶನ ಪೆಂಡಾಲಿನಲ್ಲಿ ಮಾನಿಟರ್ ಬಾಕ್ಸ್ (ನುಡಿಸುವವರಿಗೇ ಕೇಳಲಿ ಅಂತ ಇಡುವ ಸ್ಪೀಕರ್) ನನ್ನ ಪಕ್ಕದಲ್ಲೇ, ಮೈಕಿನ ಕಡೆಗೇ ತಿರುಗಿ ಕೂತಿತ್ತು. ಮೆಲ್ಲನೆಯ ಬಿಟ್ ಕೇಳಲಿ ಅಂತ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿದ ಕೂಡಲೇ ಕೂಯ್ ಅಂತ ಕೂಗಲು ಶುರುವಾಯಿತು. "ಅಣ್ಣಾ, ಇಷ್ಟೇ ಆಗೋದು, ಇನ್ನು ಕೊಟ್ರೆ ಕೂಗುತ್ತೆ" ಅಂದ ಮೈಕ್‌ಸೆಟ್ ಹುಡುಗ. ಅಂದವನು ಸುಮ್ನೆ ನಿಲ್ಲಲಿಲ್ಲ. ಮಾನಿಟರನ್ನು ಎಳೆದು ಮೈಕಿನ ಬೆನ್ನ ಹಿಂದೆ ಸರಿಯಾಗಿ ಇಟ್ಟ. 57ರ ಹಾಗೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆಯ ಸದ್ದು ತೀರಾ ಕಡಿಮೆ ಕೇಳುತ್ತದೆ. ಗೇನ್ ಇನ್ನೂ ಸ್ವಲ್ಪ ಏರಿತು, ಬಿಟ್ ಕೊನೆಯ ಸಾಲಿನ ತನಕ ಹೋಯಿತು.

ಕ್ಲಿಪ್ ಮೈಕನ್ನು ಗೆಳೆಯನಿಂದ ಇಸಿದುಕೊಂಡು ಮೂರು ತಿಂಗಳು ಬಳಸಿದೆ. ಪುಟ್ಟ ಕಂಡೆನ್ಸರ್ ಮೈಕ್. ಬೆಲ್ಲಿನ ಅಂಚಿಗೆ ಸಿಕ್ಕಿಸಿದರೆ ಬಗ್ಗುವ ಕುತ್ತಿಗೆ ಬೆಲ್ಲಿನ ಬಾಯಿಯನ್ನೇ ನೋಡುತ್ತಾ ನಿಲ್ಲುತ್ತದೆ. ಸ್ಟೇಜಿನ ತುಂಬಾ ಓಡಾಡಬಹುದು, ಸೊಂಟದಲ್ಲಿ ವೈರ್‌ಲೆಸ್ ಪ್ಯಾಕ್. ಉಸಿರಿನ ಎಳೆಯೂ ಕೇಳುವಷ್ಟು ಸ್ಪಷ್ಟ. ಆದರೆ ಜೋರಿಗೂ ಮೆಲ್ಲಗೂ ಅದರ ದೂರ ಒಂದೇ. ಹತ್ತಿರ ಹೋಗುವುದು, ದೂರ ಸರಿಯುವುದು ಎಂಬ ನನ್ನ ಇಡೀ ವಿದ್ಯೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಇನ್ನೊಂದು, ಆ ಮೈಕ್ ಮುಖ ಮಾಡಿರುವುದು ನನ್ನ ಕಡೆಗೆ, ಅಂದರೆ ನನ್ನ ಬೆನ್ನ ಹಿಂದಿನ ಡ್ರಮ್ಸ್ ಕಡೆಗೂ. ನಾನು ಮೆಲ್ಲಗೆ ಊದಿದಾಗೆಲ್ಲ ಸಿಂಬಲ್ ಎದ್ದು ಕೇಳುತ್ತಿತ್ತು. ವಾಲ್ವ್‌ಗಳ ಟಕ್ ಟಕ್ ಕೂಡ. ನಡೆಯುತ್ತಾ ಊದುವ ಬ್ಯಾಂಡ್‌ಸೆಟ್‌ನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನಾನು ವಾಪಸ್ ಕೊಟ್ಟೆ.

ಪಿಕಪ್ಪಿನ ವಿಷಯಕ್ಕೆ ಬಂದರೆ ಮೊದಲು ಧೈರ್ಯ ಬೇಕು, ಯಾಕೆಂದರೆ ಮೌತ್‌ಪೀಸಿಗೇ ತೂತು ಹಾಕಿಸಬೇಕು. ನನ್ನ ಹಳೆಯ 7ಸಿ ಅಳತೆಯ ಮೌತ್‌ಪೀಸನ್ನು ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಗೆ ತಗೊಂಡು ಹೋದೆ. ಯಜಮಾನರು ಅದನ್ನು ಬೆಳಕಿಗೆ ಹಿಡಿದು ಒಳಗೆಲ್ಲ ನೋಡಿದರು. "ಸಾರ್, ಒಳಗಡೆ ಬರ್ರ್ ಉಳಿದ್ರೆ ಗಾಳಿಗೆ ತಡೆ ಆಗುತ್ತೆ ಅಲ್ವಾ?" ಅಂದರು. ಬರ್ರ್ ಅಂದರೆ ಕೊರೆದ ಕಡೆ ಉಳಿಯುವ ಚೂಪು ಲೋಹದ ಅಂಚು. ಅವರು ವಾದ್ಯ ಊದಿದವರಲ್ಲ, ಆದರೂ ಸರಿಯಾದ ಜಾಗಕ್ಕೇ ಬಂದರು. ತೂತು ಕೊರೆದು, ಸಣ್ಣ ಹಿತ್ತಾಳೆ ಬುಷ್ ಬೆಸುಗೆ ಹಾಕಿ, ಎಮರಿ ಪೇಪರನ್ನು ಕಡ್ಡಿಗೆ ಸುತ್ತಿ ಒಳಗಿಂದ ತಿಕ್ಕಿದರು. ಕಿರುಬೆರಳು ಹೋಗದ ಜಾಗ ಅದು. ಅರ್ಧ ಗಂಟೆ ತಿಕ್ಕಿದರು. ಪಿಕಪ್ ಬೇಡವಾದಾಗ ಮುಚ್ಚಲು ಒಂದು ಸ್ಕ್ರೂ ಕೂಡ ಮಾಡಿಕೊಟ್ಟರು.

ಪಿಕಪ್ಪಿನ ಒಳಗಿರುವುದು ಪೀಜೋ. ಮೌತ್‌ಪೀಸಿನ ಒಳಗಿನ ಗಾಳಿಯ ಒತ್ತಡವನ್ನೇ ಕರೆಂಟ್ ಮಾಡುತ್ತದೆ. ಅಲ್ಲಿ ಒತ್ತಡ ಎಷ್ಟು ಜಾಸ್ತಿ ಅಂದರೆ ಹೊರಗಿನ ಡ್ರಮ್ಸ್, ಮಾನಿಟರ್ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಮಾನಿಟರಿನ ಮುಂದೆಯೇ ನಿಂತು ಪಿಸುಗುಟ್ಟುವ ಹಾಗೆ ಊದಿದೆ, ಕೂಗಲಿಲ್ಲ. ಪರೀಕ್ಷೆಯಲ್ಲಿ ಪಾಸು ಅಂದುಕೊಂಡೆ. ಆಮೇಲೆ ರೆಕಾರ್ಡಿಂಗ್ ಕೇಳಿದೆ. ಅದು ಟ್ರಂಪೆಟ್ ಆಗಿರಲಿಲ್ಲ. ಮಂಕು, ಗುಂಡಗಿನ ದನಿ, ಬಾಯಿಗೆ ಬಟ್ಟೆ ಅಡ್ಡ ಹಿಡಿದ ಹಾಗೆ.

ಇದಕ್ಕೆ ಕಾರಣ ಬೆಲ್. ಕೆಳಗಿನ ಕಂಪನಗಳನ್ನು ಬೆಲ್ ಬಹುಪಾಲು ವಾಪಸ್ ಒಳಕ್ಕೇ ಕಳಿಸುತ್ತದೆ, ಸ್ವರ ನಿಲ್ಲುವುದೇ ಅದರಿಂದ. ಮೇಲಿನವನ್ನು, ಸುಮಾರು 1,500 ಹರ್ಟ್ಸ್ ದಾಟಿದವನ್ನು, ಹೊರಕ್ಕೆ ಬಿಡುತ್ತದೆ. ನಮಗೆ ಗೊತ್ತಿರುವ ಆ ಮಿಂಚು ಹುಟ್ಟುವುದು ಹೊರಗೆ. ಪಿಕಪ್ ಕೂತಿರುವುದು ಒಳಗೆ. ಹಾರ್ಮನ್ ಮ್ಯೂಟ್ (ದನಿ ಸಣ್ಣಗಾಗಲು ಬೆಲ್ಲಿನ ಒಳಗೆ ಸಿಕ್ಕಿಸುವ ಲೋಹದ ಅಡೆ) ಹಾಕಿ ಊದಿದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಮ್ಯೂಟ್ ಇದ್ದರೂ ಇಲ್ಲದಿದ್ದರೂ ಸ್ಪೀಕರಿನಲ್ಲಿ ಹೆಚ್ಚುಕಡಿಮೆ ಅದೇ ಸದ್ದು. ಈಕ್ಯೂನಲ್ಲಿ (ದನಿಯ ಮೇಲಿನ, ಕೆಳಗಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ನಾಬ್‌ಗಳಲ್ಲಿ) ಮೇಲಿನದನ್ನು ಎಷ್ಟು ಎತ್ತಿದರೂ ಆ ಮಿಂಚು ಬರಲಿಲ್ಲ.

ಹಾಗಂತ ಪಿಕಪ್ ಮೂಲೆಗೆ ಹೋಗಲಿಲ್ಲ. ದನಿಯ ಬಣ್ಣ ಬದಲಿಸುವ, ಕಾಲಲ್ಲಿ ಒತ್ತುವ ಎಫೆಕ್ಟ್ ಪೆಡಲ್‌ಗಳಿಗೆ ಅದರ ಸಮ ಯಾವುದೂ ಇಲ್ಲ. ಆಕ್ಟೇವರ್ ಪೆಡಲ್ ಕೆಳಗಿನ ಸಪ್ತಕದ ಸ್ವರ ಸೇರಿಸಬೇಕಾದರೆ ಮೊದಲು ಮೂಲ ಸ್ವರ ಯಾವುದು ಅಂತ ಅದಕ್ಕೆ ಗೊತ್ತಾಗಬೇಕು. ಮೈಕಿನಿಂದ ಕೊಟ್ಟರೆ ಡ್ರಮ್ಸ್ ಸೇರಿ ಅದಕ್ಕೆ ದಿಕ್ಕು ತಪ್ಪುತ್ತದೆ. ಪಿಕಪ್ಪಿನಿಂದ ಕೊಟ್ಟರೆ ಶುದ್ಧ ಒಂದೇ ಸ್ವರ, ಅಂಟಿಕೊಂಡ ಹಾಗೆ ಹಿಂಬಾಲಿಸುತ್ತದೆ. ವಾ ಪೆಡಲ್ಲೂ ಹಾಗೆಯೇ. ಅದು ಒಂದು ಸಣ್ಣ ಪಟ್ಟಿಯ ದನಿಯನ್ನು ಎತ್ತುತ್ತದೆ, ಮೈಕಿನಲ್ಲಿ ಅದೇ ಜಾಗದಲ್ಲಿ ಫೀಡ್‌ಬ್ಯಾಕ್, ಅಂದರೆ ಆ ಕೂಯ್ ಕೂಗು, ಶುರು. 1970ರ ಸುಮಾರಿಗೆ ಜಾಝ್ ವಾದಕ ಮೈಲ್ಸ್ ಡೇವಿಸ್ ಟ್ರಂಪೆಟ್‌ಗೆ ವಾ ಪೆಡಲ್ ಹಾಕಿದಾಗ ಅವರೂ ಪಿಕಪ್ ಬಳಸಿದ್ದರು. ದನಿಯನ್ನು ಮರುಕಳಿಸುವ ಡಿಲೇ, ಗುಂಗು ಸೇರಿಸುವ ರಿವರ್ಬ್ ಆದರೆ ಮೈಕಿನಿಂದಲೂ ಚೆನ್ನ. ಮೈಕ್ ಲೆವೆಲ್ ಪೆಡಲ್‌ಗೆ ಸಾಲದು, ಅದಕ್ಕೆ ಸಣ್ಣ ಮಿಕ್ಸರಿನ ಆಕ್ಸ್ ಸೆಂಡ್‌ನಿಂದ (ಸದ್ದನ್ನು ಬೇರೆ ಕಡೆಗೆ ಕಳಿಸುವ ದಾರಿ) ತಗೊಳ್ಳುತ್ತೇನೆ, ಪೆಡಲ್‌ಗೆ ಜಾಸ್ತಿಯಾಗದ ಹಾಗೆ ನಾಬ್ ತೀರಾ ಕೆಳಗಿಟ್ಟು. ಕೇಬಲ್, ಜ್ಯಾಕ್ ಎಲ್ಲ ಎಸ್.ಪಿ. ರೋಡಿನಲ್ಲೇ ಸಿಗುತ್ತವೆ.

ಒಂದು ಸ್ವರಕ್ಕೆ ಜೊತೆ ಸ್ವರಗಳನ್ನು ಸೇರಿಸುವ ಹಾರ್ಮನೈಸರ್ ಪೆಡಲ್ ನಾನು ತಗೊಂಡಿದ್ದು ಜಾನ್ ಹಾಸೆಲ್ ಕೇಳಿ. ಈ ಅಮೆರಿಕನ್ ಟ್ರಂಪೆಟ್ ವಾದಕರು ಪಂಡಿತ್ ಪ್ರಾಣನಾಥರ ಹತ್ತಿರ ಹಿಂದೂಸ್ತಾನಿ ಕಲಿತು, ಮೀಂಡನ್ನು (ಸ್ವರದಿಂದ ಸ್ವರಕ್ಕೆ ಜಾರುವುದನ್ನು) ಟ್ರಂಪೆಟ್‌ನಲ್ಲಿ ತರಲು ಹೊರಟವರು. ಆ ಗಾಯನ ಕಿರಾಣಾ ಘರಾಣೆಯದು, ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರದ್ದೇ. ಒಂದು ಟ್ರಂಪೆಟ್‌ನಿಂದ ಹಾಸೆಲ್ ತೆಗೆದ ಗುಂಪು ದನಿ ಕೇಳಿದರೆ ಮೆಲ್ಲಗೆ ಊದುವುದರಲ್ಲಿ ಎಷ್ಟು ಶಕ್ತಿ ಇದೆ ಅಂತ ಗೊತ್ತಾಗುತ್ತದೆ.

ಈಗ ಫ್ಯೂಷನ್ ಬ್ಯಾಂಡಿನಲ್ಲಿ ಮೈಕ್, ಪಿಕಪ್ ಎರಡನ್ನೂ ಒಟ್ಟಿಗೆ ಬಳಸುತ್ತೇನೆ. ಮೊದಲು ಎರಡರ ಶುದ್ಧ ದನಿಯನ್ನೂ ಬೆರೆಸಿದೆ, ಕೆಲವು ಸ್ವರ ತೆಳ್ಳಗಾಗಿ ಮಾಯವಾದವು. ಟ್ರಂಪೆಟ್‌ನ ಕೊಳವೆ ಸುಮಾರು ಒಂದೂವರೆ ಮೀಟರ್. ಮೌತ್‌ಪೀಸಿನಿಂದ ಬೆಲ್ ದಾಟಿ ಮೈಕ್ ಮುಟ್ಟುವಷ್ಟರಲ್ಲಿ ದನಿ 5 ಮಿಲಿಸೆಕೆಂಡ್‌ನಷ್ಟು ಹಿಂದೆ ಬೀಳುತ್ತದೆ, ಎರಡು ದನಿ ಒಂದನ್ನೊಂದು ತಿನ್ನುತ್ತವೆ. ಆಮೇಲೆ ಪಿಕಪ್ಪಿನಿಂದ ಆಕ್ಟೇವರಿನ ಕೆಳ ಸಪ್ತಕ ಮಾತ್ರ ತಗೊಂಡು, ಟ್ರಂಪೆಟ್‌ನ ಸ್ವಂತ ದನಿಯನ್ನು ಪೂರ್ತಿ 57ಕ್ಕೆ ಬಿಟ್ಟೆ. ಸರಿಹೋಯಿತು. ಆರ್ಕೆಸ್ಟ್ರಾಗೆ ಹೋಗುವಾಗ ಲೇತಿನವರು ಮಾಡಿಕೊಟ್ಟ ಸ್ಕ್ರೂ ಮೌತ್‌ಪೀಸಿಗೆ, 57 ಬ್ಯಾಗಿಗೆ, ಅಷ್ಟೇ.

ಹಾರ್ಮನ್ ಮ್ಯೂಟ್ ಹಾಕುವ ಹಾಡಿನಲ್ಲಿ ಪೆಡಲ್‌ಗಳೆಲ್ಲ ಆಫ್, ಮೈಕಿಗೆ ಎರಡೇ ಬೆರಳಿನ ಅಂತರ. ಆ ಝಂಯ್ ಎನ್ನುವ ಸಣ್ಣ ದನಿಗೆ ಮೈಕ್ ಬಿಟ್ಟು ಬೇರೆ ದಾರಿ ನನಗೆ ಇನ್ನೂ ಸಿಕ್ಕಿಲ್ಲ.