ಮುತ್ತು, ಪಾಂಪಾಂ ಇರುವ ಬರ್ಪ್ ಕ್ಲಾತ್ ಕಿಟ್ ಕೊಳ್ಳುವ ಮುನ್ನ ಇದನ್ನು ಓದಿ

ಹಾಲು ಕುಡಿಸಿದ ಮೇಲೆ ಮಗುವಿಗೆ ತೇಗು ಬರಿಸುವಾಗ ಹೆಗಲ ಮೇಲೆ ಹಾಸಿಕೊಳ್ಳುವ ಬಟ್ಟೆಯನ್ನು, ಅಂದರೆ ಬರ್ಪ್ ಕ್ಲಾತನ್ನು, ಚೆಂದವಾಗಿ ಹೊಲಿಯಬೇಕೆಂದಿರುವವರು ಇದನ್ನು ಓದಿದ ಮೇಲೆಯೇ ಕತ್ತರಿ ಕೈಗೆತ್ತಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ‘ನವಜಾತ ಶಿಶುಗಳಿಗಾಗಿ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಮಾರುವ ಹೊಲಿಗೆ ಕಿಟ್‌ನಲ್ಲಿ ಶಿಶುವಿನ ಹತ್ತಿರ ಸುಳಿಯಲೇಬಾರದ ಸಾಮಾನುಗಳಿದ್ದವು. ನನ್ನ ತಂಗಿಯ ಮಗು ಪಾರಾದದ್ದು ಅವಳ ಕಣ್ಣು ಚುರುಕಾಗಿದ್ದುದರಿಂದ ಮಾತ್ರ.

ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಕಿಟ್ ಅದು. ಹೂವಿನ ಅಚ್ಚಿನ ಬಟ್ಟೆಯ ತುಂಡುಗಳು, ಹಿಂಬದಿಗೆ ಮೆತ್ತನೆಯ ಬಿಳಿ ಬಟ್ಟೆ, ಅಂಚಿಗೆ ಪಾಂಪಾಂ ಲೇಸ್ (ನೂಲಿನ ಪುಟ್ಟ ಉಂಡೆಗಳು ನೇತಾಡುವ ಪಟ್ಟಿ), ಜೊತೆಗೆ ಮುತ್ತಿನ ಕಣ್ಣುಗಳಿರುವ ಮೊಲದ ಪ್ಯಾಚ್. ವಿವರಣೆಯಲ್ಲಿ ‘ಶುದ್ಧ ಹತ್ತಿ, ಶಿಶುಗಳಿಗೆ ಸುರಕ್ಷಿತ’ ಎಂದಿತ್ತು. ಕೊಟ್ಟ ಸೂಚನೆಯಂತೆ ಹೊಲಿದೆ, ತಂಗಿಗೆ ಕಳಿಸಿದೆ. ಅವಳು ಮೊದಲು ಒಗೆದು, ಆಮೇಲೆ ಬಳಸಲು ತೆಗೆದುಕೊಂಡಳು. ಒಂದು ಸಂಜೆ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಾಗ ಮೊಲದ ಒಂದು ಕಣ್ಣು ಕಾಣದಿರುವುದು ಅವಳ ಗಮನಕ್ಕೆ ಬಂತು. ಮುತ್ತು ಮಗುವಿನ ಕೆಳತುಟಿಯ ಒಳಗೆ, ಜೊಲ್ಲಿನಲ್ಲಿ ತೇಲುತ್ತಿತ್ತು. ಅವಳು ಬೆರಳ ತುದಿಯಿಂದ ಅದನ್ನು ಹೊರಗೆ ಎಳೆದುಕೊಂಡಳು. ಮಗು ಅಳಲೂ ಇಲ್ಲ.

ಮಗು ಅಳಲಿಲ್ಲ ಎಂಬುದೇ ನನ್ನನ್ನು ಇಂದಿಗೂ ನಡುಗಿಸುತ್ತದೆ. ಶ್ವಾಸನಾಳ ಪೂರ್ತಿ ಮುಚ್ಚಿಹೋದ ಮಗು ಅಳುವುದಿಲ್ಲ, ಕೆಮ್ಮುವುದೂ ಇಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೆ ಏನೂ ಕೇಳಿಸುವುದಿಲ್ಲ. ಮೂರು ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯಲು ತೊಡಗುತ್ತಾರೆ. ಹೆಗಲ ಮೇಲಿನ ಬಟ್ಟೆಯಂತೂ ಅವರ ಬಾಯಿಗೆ ತಾಗಿಕೊಂಡೇ ಇರುತ್ತದೆ.

ಪ್ಯಾಚನ್ನು ತಿರುಗಿಸಿ ನೋಡಿದಾಗ ಸಂಗತಿ ತಿಳಿಯಿತು. ಮುತ್ತುಗಳನ್ನು ಹೊಲಿದಿರಲಿಲ್ಲ, ಅಂಟಿಸಿದ್ದರು. ಬಿಸಿ ನೀರು, ಸಾಬೂನು, ಇಸ್ತ್ರಿಯ ಶಾಖ ತಗುಲಿದಂತೆಲ್ಲ ಅಂತಹ ಅಂಟು ಸಡಿಲವಾಗುತ್ತದೆ. ಬರ್ಪ್ ಕ್ಲಾತನ್ನು ದಿನವೂ ಒಗೆಯಲೇಬೇಕು, ಮಗು ಹಾಲು ಕಕ್ಕುವುದೇ ಅದರ ಮೇಲೆ. ಹೀಗಿರುವಾಗ ಅಂಟಿಸಿದ ಮುತ್ತನ್ನು ಅದರ ಮೇಲೆ ಇಟ್ಟವರು ಏನೆಂದುಕೊಂಡು ಇಟ್ಟರೋ! ಮಾರಿದವರಿಗೆ ಚಿತ್ರಸಹಿತ ಬರೆದೆ. ‘ಪ್ಯಾಚ್ ಅಲಂಕಾರಕ್ಕಷ್ಟೇ, ಮಗುವಿಗೆ ಎಟುಕದಂತೆ ನೋಡಿಕೊಳ್ಳಿ’ ಎಂಬ ಉತ್ತರ ಬಂತು. ಮಗುವಿಗೆ ಎಟುಕದ ಬರ್ಪ್ ಕ್ಲಾತ್ ಎಂಬುದು ಲೋಕದಲ್ಲಿ ಇದೆಯೇ? ಹಣ ಹಿಂದಿರುಗಿಸುತ್ತೇವೆ ಎಂದರು. ಕಿಟ್ ಮಾರುವುದನ್ನು ನಿಲ್ಲಿಸುತ್ತೇವೆ ಎಂದು ಮಾತ್ರ ಹೇಳಲಿಲ್ಲ. ಅದಕ್ಕೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅಮೆರಿಕದ ಸುರಕ್ಷತಾ ನಿಯಮದಲ್ಲಿ ಒಂದು ಅಳತೆಯ ಕೊಳವೆಯಿದೆ, ಅದರ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿದುಹೋಗುವ ಬಿಡಿಭಾಗ ಆಟಿಕೆಯಲ್ಲಿ ಇರಕೂಡದು, ಬಳಕೆಯಲ್ಲಿ ಕಳಚಿಕೊಳ್ಳಲೂ ಕೂಡದು. ಮನೆಯಲ್ಲಿ ಪರೀಕ್ಷಿಸಲು ಟಾಯ್ಲೆಟ್ ಪೇಪರ್ ಸುರುಳಿಯೊಳಗಿನ ರಟ್ಟಿನ ಕೊಳವೆ ಸಾಕು. ಅದು ಈ ಅಳತೆಗಿಂತ ಸ್ವಲ್ಪ ದೊಡ್ಡದೇ ಇರುವುದರಿಂದ ಎಚ್ಚರಿಕೆ ಒಂದು ಕೈ ಹೆಚ್ಚೇ ಆಗುತ್ತದೆ. ಮುತ್ತು, ಗುಂಡಿ, ಗೆಜ್ಜೆ, ಮಿಂಚಿನ ಬಿಲ್ಲೆ, ಪಾಂಪಾಂ ಎಲ್ಲವೂ ಅದರಲ್ಲಿ ಸಲೀಸಾಗಿ ಇಳಿಯುತ್ತವೆ. ‘ಗಟ್ಟಿಯಾಗಿ ಹೊಲಿದಿದ್ದೇನೆ’ ಎಂಬ ಸಮಾಧಾನವೂ ಬೇಡ. ಒಗೆದೊಗೆದು ದಾರ ಸವೆಯುತ್ತದೆ, ಅದು ಯಾವ ದಿನ ಹರಿಯುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಪಾಂಪಾಂ ಲೇಸಿನಿಂದ ಇನ್ನೊಂದು ಅಪಾಯವಿದೆ, ಇದನ್ನು ಹೇಳುವವರು ಕಡಿಮೆ. ಆ ಉಂಡೆಗಳು ನೂಲಿನ ತುಣುಕುಗಳನ್ನು ಒಟ್ಟುಗೂಡಿಸಿ ಕಟ್ಟಿದವು. ಎಳೆದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತವೆ. ಕೂದಲು ಅಥವಾ ದಾರದ ಎಳೆ ಮಗುವಿನ ಕಾಲ್ಬೆರಳಿಗೋ ಕೈಬೆರಳಿಗೋ ಸುತ್ತಿಕೊಂಡು ರಕ್ತ ಹರಿಯುವುದನ್ನೇ ತಡೆಯಬಲ್ಲದು ಎಂಬುದು ಮಕ್ಕಳ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಮಗು ಕಾರಣವಿಲ್ಲದೆ ಅಳುತ್ತಿದ್ದರೆ ಕಾಲುಚೀಲ ಬಿಚ್ಚಿ ಬೆರಳುಗಳನ್ನು ನೋಡಬೇಕು; ಬೆರಳು ಊದಿ ಕೆಂಪಗಾಗಿದ್ದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು. ಕಸೂತಿಯ ಹಿಂಬದಿಯಲ್ಲಿ ಒಂದು ಹೊಲಿಗೆಯಿಂದ ಇನ್ನೊಂದಕ್ಕೆ ಉದ್ದುದ್ದವಾಗಿ ಹಾದುಹೋದ ದಾರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವನ್ನು ಕತ್ತರಿಸಿ, ಮೇಲೆ ಮೆತ್ತನೆಯ ಬಟ್ಟೆ ಮುಚ್ಚಿ ಹೊಲಿಯದಿದ್ದರೆ ಅವು ಮಗುವಿನ ಕೆನ್ನೆಯನ್ನೂ ಗೀರುತ್ತವೆ.

ಬಟ್ಟೆಯ ವಿಷಯಕ್ಕೆ ಬಂದರೆ, ‘ಶುದ್ಧ ಹತ್ತಿ’ ಎಂಬುದೂ ಸುಳ್ಳಾಗಿತ್ತು. ಕಕ್ಕಿದ ಹಾಲು ಬಟ್ಟೆಯೊಳಗೆ ಇಳಿಯದೆ ಜಾರಿ ತನ್ನ ಬೆನ್ನ ಮೇಲೆ ಹರಿಯುತ್ತಿತ್ತೆಂದು ತಂಗಿ ಆಮೇಲೆ ಹೇಳಿದಳು. ಉಳಿದ ತುಂಡಿನಿಂದ ನಾಲ್ಕು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ನೀರಿನ ತೊಟ್ಟಿಯ ಮೇಲೆ ಸುಟ್ಟು ನೋಡಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಇದು ಮುದುಡಿ, ಕರಗಿ, ಗಟ್ಟಿ ಮಣಿಯಾಯಿತು: ಪಾಲಿಯೆಸ್ಟರಿನಂತಹ ಕೃತಕ ನೂಲು. ಒಂದು ಹನಿ ನೀರು ಹಾಕಿ ನೋಡಿದರೂ ಸಾಕಷ್ಟು ತಿಳಿಯುತ್ತದೆ. ಗಂಜಿ ಹೋಗುವಂತೆ ಒಗೆದು ಒಣಗಿಸಿದ ಹತ್ತಿ ಬಟ್ಟೆ ಹನಿಯನ್ನು ಬೇಗ ಹೀರಬೇಕು. ಅಂದಹಾಗೆ, ಒಗೆಯುವಾಗ ಬಟ್ಟೆ ಮೃದುಗೊಳಿಸುವ ದ್ರಾವಣ ಬೇಡ. ಅದು ನೂಲಿಗೆ ಲೇಪವಾಗಿ ಕೂತು ಹೀರುವ ಗುಣವನ್ನೇ ಕುಗ್ಗಿಸುತ್ತದೆ.

ಬಣ್ಣವನ್ನೂ ನಂಬಬೇಡಿ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಅಚ್ಚಿನ ಮೇಲೆ ಬಲವಾಗಿ ಉಜ್ಜಿ. ಬಣ್ಣ ಹತ್ತಿದರೆ ಆ ಬಟ್ಟೆ ಮಗುವಿಗಲ್ಲ. ಬಟ್ಟೆಯಲ್ಲಿ ಹಾನಿಕಾರಕ ರಾಸಾಯನಿಕಗಳಿವೆಯೇ ಎಂದು ಪರೀಕ್ಷಿಸಿ ಕೊಡುವ ಓಯೆಕೊ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಪ್ರಮಾಣಪತ್ರದ ಮೊದಲನೆಯ ವರ್ಗ ಮೂರು ವರ್ಷದವರೆಗಿನ ಮಕ್ಕಳ ಬಟ್ಟೆಗಳದು, ಅದರಲ್ಲಿ ಜೊಲ್ಲಿಗೆ ಬಣ್ಣ ಬಿಡುತ್ತದೆಯೇ ಎಂದು ಕೂಡ ಪರೀಕ್ಷಿಸುತ್ತಾರೆ. ಚೀಟಿಯ ಮೇಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ತಾಳೆ ನೋಡಬಹುದು. ಸಂಖ್ಯೆಯಿಲ್ಲದ ಬರೀ ಮುದ್ರೆಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ.

ಇಷ್ಟೆಲ್ಲ ಓದಿ ಅಲಂಕಾರವನ್ನೇ ಬಿಡಬೇಕೆಂದು ಯಾರೂ ಭಾವಿಸಬಾರದು. ಮಗುವಿಗಾಗಿ ಕೈಯಾರೆ ಹೊಲಿಯುವ ಸುಖ ನನಗೆ ಗೊತ್ತು. ಅಂದ ಬಟ್ಟೆಯಲ್ಲಿಯೇ ಇರಲಿ, ಬಟ್ಟೆಯ ಮೇಲೆ ನೇತಾಡುವುದು ಬೇಡ. ಒಳ್ಳೆಯ ಅಚ್ಚಿನ ಹತ್ತಿ ಬಟ್ಟೆ, ಹಿಂಬದಿಗೆ ಟರ್ಕಿ ಟವೆಲ್ ಬಟ್ಟೆ ಅಥವಾ ಫ್ಲಾನೆಲ್, ನಡುವೆ ಬೇರೆ ಬಣ್ಣದ ಪಟ್ಟಿ, ಬಟ್ಟೆಯಿಂದಲೇ ಕತ್ತರಿಸಿ ಅಂಚಿನುದ್ದಕ್ಕೂ ಒತ್ತಾದ ಝಿಗ್‌ಝ್ಯಾಗ್ ಹಾಕಿದ ಮೊಲ ಅಥವಾ ಎಲೆ, ಇಷ್ಟರಲ್ಲೇ ಬಹಳ ಚೆಲುವು ತರಬಹುದು. ಮೊಲದ ಕಣ್ಣನ್ನು ದಾರದ ಗಂಟಿನಿಂದಲ್ಲ, ಚಪ್ಪಟೆ ಹೊಲಿಗೆಯಿಂದ ತುಂಬಿಸಿ. ಬಟ್ಟೆ ಸುಮಾರು 25 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಉದ್ದವಿದ್ದರೆ ಹೆಗಲನ್ನು ಚೆನ್ನಾಗಿ ಮುಚ್ಚುತ್ತದೆ. ಹತ್ತಿ ಕುಗ್ಗುವುದರಿಂದ ಎರಡೂ ಬಟ್ಟೆಗಳನ್ನು ಕತ್ತರಿಸುವ ಮೊದಲೇ ಒಗೆಯಬೇಕು. ಗುಂಡುಸೂಜಿಯ ಬದಲು ಕ್ಲಿಪ್ ಬಳಸಿ. ಸೂಜಿಯನ್ನೇ ಬಳಸಿದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಯಂತ್ರದ ಸೂಜಿ ಮುರಿದರೆ ಮುರಿದ ತುದಿ ಸಿಗುವವರೆಗೆ ಆ ಬಟ್ಟೆಯನ್ನು ಯಾರಿಗೂ ಕೊಡಬೇಡಿ. ಎಷ್ಟೇ ಚೆನ್ನಾಗಿ ಹೊಲಿದ ಬಟ್ಟೆಯಾದರೂ ಮಗು ಮಲಗಿರುವ ತೊಟ್ಟಿಲಿನಲ್ಲಿ ಬಿಡಬಾರದು, ಮುಖದ ಮೇಲೆ ಬಿದ್ದರೆ ಉಸಿರುಗಟ್ಟುತ್ತದೆ.

ಇಂತಹ ಕಿಟ್‌ನಿಂದ ಹೊಲಿದು ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ ಸಂಕೋಚಪಡದೆ ಇಂದೇ ಫೋನ್ ಮಾಡಿ ಹಿಂದಕ್ಕೆ ಕೇಳಿ. ಲೇಸನ್ನು ಕತ್ತರಿಯಿಂದ ಮೇಲೆ ಮೇಲೆ ಕತ್ತರಿಸಿದರೆ ಸಾಲದು, ಹೊಲಿಗೆಯೊಳಗೆ ಉಳಿದ ಪಟ್ಟಿಯಿಂದ ಎಳೆಗಳು ಬರುತ್ತಲೇ ಇರುತ್ತವೆ. ಅಂಚನ್ನು ಪೂರ್ತಿ ಬಿಚ್ಚಿ, ಲೇಸ್ ತೆಗೆದು, ಮತ್ತೆ ಹೊಲಿಯಬೇಕು. ಮುತ್ತಿನ ಪ್ಯಾಚನ್ನು ಬಿಚ್ಚಿ ಎಸೆಯುವ ಮುನ್ನ ಅದರದ್ದೂ ಕಿಟ್‌ನ ಚೀಟಿಯದ್ದೂ ಚಿತ್ರ ತೆಗೆದಿಟ್ಟುಕೊಳ್ಳಿ, ದೂರು ಕೊಡಲು ಬೇಕಾಗುತ್ತದೆ.