ಹಾವಿನ ಮರಿ ಗಂಡೋ ಹೆಣ್ಣೋ: ಎಂಟು ಕಡ್ಡಿಗಳ ಪ್ರೋಬ್ ಸೆಟ್ ಎಷ್ಟು ನಂಬಬಹುದು?

ಸ್ಟೇನ್‌ಲೆಸ್ ಸ್ಟೀಲಿನ ಎಂಟು ಕಡ್ಡಿಗಳು, ತೀರಾ ತೆಳುವಾದದ್ದು 1 ಮಿ.ಮೀ., ದಪ್ಪನೆಯದು 4 ಮಿ.ಮೀ., ಮಡಚಿಡಲು ರೆಕ್ಸಿನ್ ಚೀಲ, ಜೊತೆಗೆ ಯಾವ ಲೆಕ್ಕಕ್ಕೆ ಗಂಡು, ಯಾವುದಕ್ಕೆ ಹೆಣ್ಣು ಎಂದು ಬರೆದ ಅಂಗೈಯಗಲದ ಒಂದು ಪಟ್ಟಿ. ಕಡ್ಡಿಯನ್ನು ಮಲದ್ವಾರದಿಂದ ಬಾಲದೊಳಗೆ ಇಳಿಸಿ, ಹೋದ ಆಳ ನೋಡಿ ಹಾವಿನ ಲಿಂಗ ಹೇಳುವುದಕ್ಕೆ ಪ್ರೋಬ್ ಮಾಡುವುದು ಎನ್ನುತ್ತಾರೆ. ಈ ಸೆಟ್ಟನ್ನು ನಡುವಿನ ನಾಲ್ಕು ಕಡ್ಡಿಗಳಿಗಾಗಿ ಕೊಳ್ಳಬಹುದು. ಆದರೆ ಇದು ಮಾರಾಟವಾಗುವುದು ತೆಳುವಾದ ಎರಡು ಕಡ್ಡಿಗಳ ಹೆಸರಿನಲ್ಲಿ, "ಆಗಷ್ಟೇ ಹುಟ್ಟಿದ ಮರಿಗೂ ಆಗುತ್ತದೆ" ಎಂಬ ಮಾತಿನ ಮೇಲೆ. ಸೆಟ್ಟಿನಲ್ಲಿ ಹೆಚ್ಚು ಅಪಾಯ ಇರುವುದೂ ಅವೆರಡರಲ್ಲೇ.

ಯಾಕೆ ಎನ್ನುವುದಕ್ಕೆ ಬಾಲದ ಒಳಗಿನ ರಚನೆ ಗೊತ್ತಿರಬೇಕು. ಗಂಡು ಹಾವಿಗೆ ಹೆಮಿಪೆನಿಸ್ ಎಂಬ ಜನನಾಂಗ ಎರಡಿರುತ್ತವೆ. ಬಳಕೆಯಲ್ಲಿಲ್ಲದಾಗ ಅವು ಒಳಗೆ ಮಗುಚಿದ ಕಾಲುಚೀಲದ ಹಾಗೆ ಬಾಲದ ಬುಡದಲ್ಲಿ, ಮಲದ್ವಾರದಿಂದ ಬಾಲದ ತುದಿಯ ಕಡೆಗೆ ಚಾಚಿಕೊಂಡಿರುತ್ತವೆ. ಕಡ್ಡಿ ಆ ಚೀಲದೊಳಗೆ ಜಾರುತ್ತದೆ. ಹೆಣ್ಣಿನಲ್ಲಿ ಅದೇ ಜಾಗದಲ್ಲಿ ಗಿಡ್ಡ ಕುಳಿಗಳಷ್ಟೇ ಇರುವುದರಿಂದ ಕಡ್ಡಿ ಬೇಗ ನಿಲ್ಲುತ್ತದೆ. ಎಷ್ಟು ಆಳಕ್ಕೆ ಹೋಯಿತೆಂದು ಮಿಲಿಮೀಟರಿನಲ್ಲಿ ಅಳೆಯುವುದಿಲ್ಲ, ಬಾಲದ ಕೆಳಗಿನ ಹುರುಪೆಗಳಲ್ಲಿ ಎಣಿಸುತ್ತಾರೆ. ಹಾವು ಬೆಳೆದಂತೆ ಹುರುಪೆಯೂ ಹಿಗ್ಗುತ್ತದೆ, ಎಣಿಕೆ ಮಾತ್ರ ಬದಲಾಗುವುದಿಲ್ಲ. ಬಾಲ್ ಪೈಥಾನ್ ಎಂಬ ಸಾಕುವ ಹೆಬ್ಬಾವಿನಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ 2ರಿಂದ 4, ಗಂಡಿಗೆ 6ರಿಂದ 10.

ಈಗ ತೆಳು ಕಡ್ಡಿಯ ತೊಂದರೆ. ಮರಿಯ ಅಂಗಾಂಶ ಒದ್ದೆ ಕಾಗದದಷ್ಟು ಮೆತ್ತಗೆ. 1 ಮಿ.ಮೀ. ತುದಿಯ ಮೇಲೆ ಸ್ವಲ್ಪ ಒತ್ತಡ ಬಿದ್ದರೂ ಹೆಣ್ಣು ಮರಿಯ ಗಿಡ್ಡ ಕುಳಿ ತೂತಾಗಿ ಕಡ್ಡಿ ಮುಂದಕ್ಕೆ ಜಾರುತ್ತದೆ. ಲೆಕ್ಕ 7 ಅಂತ ಬರುತ್ತದೆ. ಮರಿಗೆ ಗಾಯ, ಮಾಲೀಕರಿಗೆ ತಪ್ಪು ಉತ್ತರ, ಎರಡೂ ಒಂದೇ ಏಟಿಗೆ. ಹೆಣ್ಣು ಹಾವುಗಳ ಬಾಲದಲ್ಲಿ ಹೆಮಿಕ್ಲಿಟೊರಿಸ್ ಎಂಬ ಜೋಡಿ ಜನನಾಂಗ ಇರುವುದನ್ನು 2022ರಲ್ಲಿ ಒಂಬತ್ತು ಜಾತಿಗಳಲ್ಲಿ ವಿವರಿಸಲಾಗಿದೆ. ಹಾಗಾಗಿ ಹೆಣ್ಣಿನ ಬಾಲದಲ್ಲಿ ಚುಚ್ಚಿದರೂ ಕೆಡುವಂಥದ್ದೇನಿಲ್ಲ ಎಂಬ ಹಳೆಯ ಧೈರ್ಯವನ್ನೂ ಬಿಡಬೇಕು. ಕಡ್ಡಿ ಆರಿಸುವ ನಿಯಮ ಒಂದೇ: ಬಲ ಹಾಕದೆ ಒಳಗೆ ಹೋಗುವ ಕಡ್ಡಿಗಳಲ್ಲಿ ಅತಿ ದಪ್ಪನೆಯದು. ಮರಿಗೆ 1 ಮಿ.ಮೀ. ಬಿಟ್ಟು ಬೇರೆ ಯಾವುದೂ ಹಿಡಿಸುವುದಿಲ್ಲ ಎಂದಾದರೆ, ಆ ಮರಿಗೆ ಪ್ರೋಬ್ ಮಾಡುವ ವಯಸ್ಸಾಗಿಲ್ಲ.

ತುದಿಗಳ ಗುಣಮಟ್ಟ ಸುಮಾರು. 2 ಮಿ.ಮೀ. ಮತ್ತು ಅದಕ್ಕಿಂತ ದಪ್ಪನೆಯ ಕಡ್ಡಿಗಳ ಗುಂಡು ನಯವಾಗಿದೆ, ಕಡ್ಡಿಗಿಂತ ತುಸು ಅಗಲವಾಗಿದೆ, ಇರಬೇಕಾದ್ದೇ ಹಾಗೆ. ತೆಳುವಿನವುಗಳಲ್ಲಿ ಗುಂಡು ಕೂಡಿಕೊಂಡಿರುವ ಕಡೆ ಒರಟು ಉಳಿದಿದೆ. ಕಣ್ಣಿಗೆ ಕಾಣುವುದಿಲ್ಲ, ಹತ್ತಿಯ ಉಂಡೆಯ ಮೇಲೆ ತಿರುಗಿಸುತ್ತ ಎಳೆದರೆ ಗೊತ್ತಾಗುತ್ತದೆ: ಒಂದು ಎಳೆ ಸಿಕ್ಕಿಕೊಂಡರೂ ಆ ಕಡ್ಡಿ ಹಾವಿಗೆ ಬೇಡ. ಯಾವ ಕಂಪನಿಯ ಸೆಟ್ ಬಂದರೂ ಮೊದಲು ಮಾಡಬೇಕಾದ ಪರೀಕ್ಷೆ ಇದು. ಕಡ್ಡಿಗಳ ಮೇಲೆ ಅಳತೆ ಕೊರೆದಿಲ್ಲ ಎನ್ನುವುದು ಇನ್ನೊಂದು ಕೊರತೆ. 1.5 ಮತ್ತು 2 ಮಿ.ಮೀ. ಕಡ್ಡಿಗಳು ತೊಳೆಯುವಾಗ ಅದಲುಬದಲಾದರೆ ಕ್ಯಾಲಿಪರ್ ಇಲ್ಲದೆ ಹೇಳುವುದು ಕಷ್ಟ.

ಬಳಸುವಾಗ ಇಬ್ಬರಿರಬೇಕು. ಊಟವಾಗಿ ಕನಿಷ್ಠ 48 ಗಂಟೆ ಕಳೆದಿರಲಿ, ಪೊರೆ ಬಿಡುವ ಮುಂಚಿನ ಮಬ್ಬುಗಣ್ಣಿನ ದಿನಗಳು ಬೇಡ. ಒಬ್ಬರು ಮೈಯನ್ನು ಆಧಾರ ಕೊಟ್ಟು ಹಿಡಿಯಬೇಕು, ಇನ್ನೊಬ್ಬರು ಬಾಲವನ್ನು ಹೊಟ್ಟೆ ಮೇಲಾಗಿಸಿ ಬೆನ್ನಿನ ಕಡೆಗೆ ಸ್ವಲ್ಪ ಬಾಗಿಸಿದರೆ ಮಲದ್ವಾರದ ಮೇಲಿನ ಅಗಲ ಹುರುಪೆ ತಾನೇ ಏಳುತ್ತದೆ. ಕಡ್ಡಿಗೆ ನೀರು ಆಧಾರಿತ ಲೂಬ್ರಿಕಂಟ್ ಜೆಲ್ ಸವರಿ, ನಡುವಿನಿಂದ ಅಲ್ಲ, ಒಂದು ಬದಿಯಿಂದ, ಬಾಲದ ತುದಿಯ ಕಡೆಗೆ ಇಳಿಸಬೇಕು. ಒತ್ತುವುದಲ್ಲ, ಎರಡು ಬೆರಳುಗಳ ನಡುವೆ ಮೆಲ್ಲಗೆ ಹೊಸೆಯುವುದು. ತಡೆ ಸಿಕ್ಕ ಕೂಡಲೇ ನಿಲ್ಲಿಸಿ ಹತ್ತು ಹದಿನೈದು ಸೆಕೆಂಡು ಕಾಯಿರಿ. ಹೆದರಿದ ಗಂಡು ಸ್ನಾಯು ಬಿಗಿಹಿಡಿದರೆ ಕಡ್ಡಿ 3ಕ್ಕೇ ನಿಂತು ಹೆಣ್ಣಿನ ಹಾಗೆ ತೋರುತ್ತದೆ, ಸಡಿಲಿಸಿದ ಮೇಲೆ ತಾನಾಗಿ ಜಾರುತ್ತದೆ. ನಿಂತ ಜಾಗದಲ್ಲಿ, ಮಲದ್ವಾರದ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಹೆಬ್ಬೆರಳಿನ ಉಗುರಿಟ್ಟು ಹೊರಗೆಳೆದು, ಬಾಲದ ಮೇಲೆ ಆನಿಸಿ ಎಣಿಸುವುದು. ಕಾರ್ನ್ ಸ್ನೇಕಿನಂಥ (ಸಾಕುವ, ವಿಷವಿಲ್ಲದ ಹಾವು) ಜಾತಿಗಳಲ್ಲಿ ಬಾಲದ ಕೆಳಗಿನ ಹುರುಪೆ ಜೋಡಿಯಾಗಿರುತ್ತದೆ. ಜೋಡಿಗೆ ಒಂದು ಲೆಕ್ಕ. ಇದನ್ನು ಮರೆತು 3ನ್ನು 6 ಮಾಡಿದರೆ ಹೆಣ್ಣೇ ಗಂಡಾಗಿಬಿಡುತ್ತದೆ. ಇನ್ನೊಂದು ಬದಿಯಲ್ಲೂ ನೋಡಿ, ಎರಡೂ ಹೊಂದದಿದ್ದರೆ ಆ ದಿನಕ್ಕೆ ಬಿಟ್ಟುಬಿಡಿ.

ಜೊತೆಗೆ ಕೊಟ್ಟಿರುವ ಪಟ್ಟಿಯನ್ನು ಎಸೆಯಬಹುದು. ಎಲ್ಲ ಹಾವಿಗೂ ಒಂದೇ ಸಂಖ್ಯೆ ಬರೆದಿದ್ದಾರೆ. ಆಳ ಜಾತಿಯಿಂದ ಜಾತಿಗೆ ಬೇರೆ, ಕೆಲವದರಲ್ಲಿ ಗಂಡು ಹೆಣ್ಣಿನ ಅಂತರವೇ ಕಡಿಮೆ. 4, 5 ಅಂತ ನಡುವೆ ಬಂದ ಲೆಕ್ಕಕ್ಕೆ "ಗೊತ್ತಾಗಲಿಲ್ಲ" ಎಂದು ಬರೆಯುವುದೇ ಸರಿ. ಉಡದ ಜಾತಿಗಳಿಗೂ ಬಳಸಬಹುದು ಎಂದು ಪಟ್ಟಿಯ ಹಿಂಬದಿಯಲ್ಲಿದೆ. ಅವುಗಳ ಹೆಣ್ಣಿನಲ್ಲೂ ಕಡ್ಡಿ ಆಳಕ್ಕೆ ಹೋಗುವುದರಿಂದ ಅಲ್ಲಿ ಪ್ರೋಬಿಂಗ್ ನಂಬುವ ಹಾಗಿಲ್ಲ.

ಹಾಗಾದರೆ ಮರಿಗಳಿಗೆ ಏನು? ಮೊಟ್ಟೆಯೊಡೆದ ಮೊದಲ ಕೆಲವು ವಾರಗಳಲ್ಲಿ, ಕೈ ಪಳಗಿದವರ ಪಾಪಿಂಗೇ ಮೇಲು. ಒಂದು ಹೆಬ್ಬೆರಳಿನಿಂದ ಮಲದ್ವಾರದ ಹುರುಪೆಯನ್ನು ಹಿಂದಕ್ಕೆಳೆದು, ಇನ್ನೊಂದನ್ನು ಬಾಲದ ಮೇಲಿಂದ ಮಲದ್ವಾರದ ಕಡೆಗೆ ಮೃದುವಾಗಿ ಉರುಳಿಸಿದರೆ ಗಂಡಿನ ಎರಡು ಕೆಂಪು ಅಂಗಗಳು ಹೊರಗೆ ಬರುತ್ತವೆ. ಕಣ್ಣಾರೆ ಕಂಡ ಗಂಡು ಗಂಡೇ. ಏನೂ ಬರಲಿಲ್ಲವೆಂದರೆ ಮಾತ್ರ ಹೆಣ್ಣು ಎನ್ನಲು ಅವಸರ ಬೇಡ: ಬಿಗಿಹಿಡಿದ ಗಂಡೂ ಹಾಗೇ ಕಾಣುತ್ತದೆ, ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಹೆಬ್ಬಾವನ್ನು ಹೋಲುವ ಬೋವಾ ಹಾವಿನ ಮರಿಗಳ ಬಾಲ ಗಟ್ಟಿ, ಅಲ್ಲಿ ಇದು ಅಷ್ಟಾಗಿ ನಡೆಯದು. ಬಾಲ ಬಲಿತ ಮೇಲೆ ಯಾವ ಜಾತಿಯಲ್ಲೂ ಹಿಸುಕಬಾರದು. ಇನ್ನು ಬಾಲದ ಉದ್ದ, ಬಾಲ್ ಪೈಥಾನಿನ ಮಲದ್ವಾರದ ಪಕ್ಕದ ಕೊಕ್ಕೆ, ಇವನ್ನೆಲ್ಲ ನೋಡಿ ಮರಿಯ ಲಿಂಗ ಹೇಳುವುದು ನಾಣ್ಯ ಚಿಮ್ಮಿದಂತೆಯೇ.

ಬಿಟ್ಟ ಪೊರೆಯಿಂದ ಡಿಎನ್‌ಎ ಪರೀಕ್ಷೆ ಮಾಡುವ ಪ್ರಯೋಗಾಲಯಗಳಿವೆ. ಮರಿಯನ್ನು ಮುಟ್ಟುವುದೇ ಬೇಡವಾದ್ದರಿಂದ ಬೆಲೆಬಾಳುವ ಮರಿಗೆ ಅದೇ ವಾಸಿ. ನಿಮ್ಮ ಜಾತಿಗೆ ಪರೀಕ್ಷೆ ಇದೆಯೇ ಎಂದು ಮೊದಲು ಕೇಳಿ. ಕಾರ್ನ್ ಸ್ನೇಕಿನಲ್ಲಿ ಲಿಂಗ ನಿರ್ಧರಿಸುವುದು ಜೆಡ್-ಡಬ್ಲ್ಯೂ ವರ್ಣತಂತುಗಳು, ಅಂದರೆ ಬೇರೆ ಬೇರೆ ಬಗೆಯ ಎರಡು ಇರುವುದು ಹೆಣ್ಣಿಗೆ. ಬೋವಾ ಮತ್ತು ಹೆಬ್ಬಾವುಗಳಲ್ಲೂ ಹಾಗೇ ಎಂದೇ ಬಹುಕಾಲ ನಂಬಿದ್ದರು, ಬೋವಾ ಇಂಪರೇಟರ್ ಮತ್ತು ಬರ್ಮೀಸ್ ಪೈಥಾನಿನಲ್ಲಿ ಇರುವುದು ಎಕ್ಸ್-ವೈ (ಬೇರೆ ಬೇರೆ ಬಗೆಯ ಎರಡು ಇರುವುದು ಗಂಡಿಗೆ) ಎಂದು ತಿಳಿದದ್ದು 2017ರಲ್ಲಿ. ಒಂದಕ್ಕೆ ಮಾಡಿದ ಪರೀಕ್ಷೆ ಇನ್ನೊಂದಕ್ಕೆ ನಡೆಯದಿರುವುದು ಇದರಿಂದಲೇ.

ಶುಚಿಯ ವಿಷಯದಲ್ಲಿ ಸ್ಟೀಲಿಗೆ ಪೂರ್ತಿ ಅಂಕ. ಪ್ರತಿ ಹಾವಿನ ನಂತರ ಸೋಪಿನಲ್ಲಿ ತೊಳೆದು 10 ನಿಮಿಷ ಕುದಿಸಿದರೆ ಆಯಿತು. ಶೇ. 2ರ ಕ್ಲೋರ್‌ಹೆಕ್ಸಿಡಿನ್ 25 ಮಿ.ಲೀ.ಗೆ ನೀರು ಬೆರೆಸಿ 1 ಲೀಟರ್ ಮಾಡಿದ ದ್ರಾವಣವೂ ಬ್ಯಾಕ್ಟೀರಿಯಾಗಳಿಗೆ ಸಾಕು, ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಅದಕ್ಕೂ ಬಗ್ಗದು, ಆಲ್ಕೋಹಾಲಿಗೂ ಬಗ್ಗದು, ಬಗ್ಗುವುದು ಶಾಖಕ್ಕೆ. ಆಲ್ಕೋಹಾಲಿನಲ್ಲಿ ಒರೆಸಿದ್ದರೆ ತೊಳೆದು ಒಣಗಿಸಿಯೇ ಬಳಸಿ, ಒಳಚರ್ಮ ಉರಿಯುತ್ತದೆ. ರೆಕ್ಸಿನ್ ಚೀಲದ ಒಳಗಿನ ಸ್ಪಂಜು ತೇವ ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ಕುದಿಸಿದ ಕಡ್ಡಿಗಳನ್ನು ಅದರೊಳಗೆ ಸಿಗಿಸದೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡಿ. ತೆಳುವಿನ ಎರಡನ್ನು ಆ ಡಬ್ಬಿಗೆ ಹಾಕಲೇಬೇಡಿ.