ಹೆಬ್ಬಾತುಗಳ ಬೆನ್ನು ನೋಡಲು 4,800 ರೂಪಾಯಿ

ಚಳಿ ಶುರುವಾಯಿತೆಂದರೆ ವಾಟ್ಸ್ಆ್ಯಪ್‌ನಲ್ಲಿ ‘ಹಕ್ಕಿ ಹಬ್ಬ’ದ ಕರಪತ್ರಗಳು ಹರಿದಾಡತೊಡಗುತ್ತವೆ. ಅರಣ್ಯ ಇಲಾಖೆ ನಡೆಸುವ ಹಕ್ಕಿ ಹಬ್ಬಕ್ಕೂ ಇವಕ್ಕೂ ಸಂಬಂಧವಿಲ್ಲ. ಹೆಸರು ಮಾತ್ರ ಹಾಗೆ ಕೇಳಿಸುವಂತೆ ಇಟ್ಟಿರುತ್ತಾರೆ. ಎಲ್ಲ ಖಾಸಗಿ ಪ್ರವಾಸಗಳೂ ಮೋಸ ಎನ್ನುವುದಿಲ್ಲ. ಹಿಂದಿನ ಜನವರಿಯಲ್ಲಿ ನಾನೂ ಮಗಳೂ ತಲೆಗೆ 4,800 ರೂಪಾಯಿ ತೆತ್ತು ಹೋದದ್ದು ಮಾತ್ರ ಮೋಸವೇ.

ಹೋದದ್ದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ. (ಬೆಂಗಳೂರಿನ ಪಕ್ಕದ ಮಾಗಡಿಯಲ್ಲ. ನಮ್ಮ ಬಸ್ಸಿನಲ್ಲಿದ್ದ ಒಬ್ಬರು ಕೆಂಪೇಗೌಡರ ಕೋಟೆಯನ್ನೂ ತೋರಿಸುತ್ತೀರಾ ಎಂದು ಕೇಳಿದ್ದರು.) ಐವತ್ತನಾಲ್ಕು ಹೆಕ್ಟೇರಿನಷ್ಟು ಸಣ್ಣ ಕೆರೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಪಟ್ಟೆತಲೆ ಹೆಬ್ಬಾತುಗಳ ದೆಸೆಯಿಂದ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಬರುತ್ತವೆ, ಬಿಸಿಲೇರುವ ಮೊದಲು ಹಿಂತಿರುಗುತ್ತವೆ. ವರ್ಷಕ್ಕೆ ಸುಮಾರು ಎಂಟು ಸಾವಿರ ಹಕ್ಕಿಗಳು ಬರುತ್ತವೆಂಬ ಅಂದಾಜಿದೆ.

ಕರಪತ್ರ ನೋಡಿದಾಗಲೇ ನನಗೆ ಸಂಶಯ ಬರಬೇಕಿತ್ತು. ಮೇಲ್ಭಾಗದಲ್ಲಿ ಕೆಂಪು ಮುಖದ ದೊಡ್ಡ ಬಿಳಿ ಹಕ್ಕಿಯ ಚಿತ್ರ, ಅದರ ಕೆಳಗೆ ‘ಸೈಬೀರಿಯಾದ ಅತಿಥಿ’ ಎಂಬ ಬರಹ. ಅದು ಸೈಬೀರಿಯನ್ ಕ್ರೇನ್. ಭಾರತದಲ್ಲಿ ಅದರ ಕೊನೆಯ ಚಳಿಗಾಲ ಕಳೆದದ್ದು ಭರತಪುರದಲ್ಲಿ, 2002ರಲ್ಲಿ. ‘ಐವತ್ತು ಜಾತಿಯ ಹಕ್ಕಿಗಳು ಗ್ಯಾರಂಟಿ’ ಎಂದೂ ಬರೆದಿತ್ತು. ಹಕ್ಕಿ ಕಾಣುವುದಕ್ಕೆ ಗ್ಯಾರಂಟಿ ಕೊಡಲು ಅದೇನು ಮಿಕ್ಸರೇ? ಇದನ್ನು ಈಗ ಕೇಳುತ್ತಿದ್ದೇನೆ. ಆಗ ದುಡ್ಡು ಕಳಿಸಿದೆ, ಅದೂ ಯಾರದೋ ಸ್ವಂತ ಮೊಬೈಲ್ ಸಂಖ್ಯೆಗೆ, ರಸೀದಿ ಕೂಡ ಕೇಳದೆ.

ಬೆಳಗಿನ ನಾಲ್ಕೂವರೆಗೆ ಹುಬ್ಬಳ್ಳಿಯಿಂದ ಹೊರಡಬೇಕಾಗಿದ್ದ ಬಸ್ಸು ಹೊರಟದ್ದು ಏಳು ಗಂಟೆ ದಾಟಿದ ಮೇಲೆ. ಲಕ್ಷ್ಮೇಶ್ವರದಲ್ಲಿ ತಿಂಡಿಗೆ ನಿಲ್ಲಿಸಿದರು. ಇಡ್ಲಿ ಖಾಲಿಯಾಗಿ, ಮತ್ತೆ ಬೇಯಿಸಿ, ನಲವತ್ತು ಮಂದಿ ಉಂಡು ಏಳುವಾಗ ಒಂದು ಗಂಟೆ ಹೋಯಿತು. ಕೆರೆ ತಲುಪಿದಾಗ ಹತ್ತು ಇಪ್ಪತ್ತು.

ಈ ಹೊತ್ತಿನ ಲೆಕ್ಕವೇಕೆ ಮುಖ್ಯ ಎಂದರೆ, ಈ ಹೆಬ್ಬಾತುಗಳು ಸಂಜೆ ಹೊಲಗಳಿಗೆ ಹೋಗಿ ಮೇಯ್ದು ಬೆಳಗಿನ ಜಾವದಲ್ಲಿ ಸಾಲುಸಾಲಾಗಿ ಕೆರೆಗೆ ಮರಳುತ್ತವೆ. ನೋಡಬೇಕಾದದ್ದು ಅದನ್ನೇ. ಹತ್ತು ಗಂಟೆಗೆ ಅವು ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡು ನಿದ್ದೆ ಮಾಡುತ್ತಿದ್ದವು. ನಿಜ ಹೇಳಬೇಕೆಂದರೆ ಆ ನೋಟವೇನೂ ಕಡಿಮೆಯದಲ್ಲ. ನೀರಂಚಿನಲ್ಲಿ ಬೂದು ಕಲ್ಲುಗಳನ್ನು ಹರಡಿಟ್ಟಂತೆ ಸಾವಿರಾರು ಹಕ್ಕಿಗಳು. ಆಗಾಗ ಒಂದು ತಲೆ ಎತ್ತುತ್ತದೆ. ಬಿಳಿ ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆಗಳು, ಮಗು ಇದ್ದಿಲಿನಿಂದ ಎಳೆದ ಹಾಗೆ. ಇಡೀ ಗುಂಪಿಗೆ ಇದ್ದದ್ದು ಮೂರು ಬೈನಾಕ್ಯುಲರ್. ನಮ್ಮ ಸರದಿ ಬಂದದ್ದು ಒಂದೇ ಬಾರಿ. ‘ಪಕ್ಷಿ ತಜ್ಞ’ರು ಕರಿ ಕೆಂಬರಲನ್ನು ತೋರಿಸಿ ನೀರುಕಾಗೆ ಎಂದರು. ಇರಲಿ.

ಹಕ್ಕಿಗಳು ಹಾರುತ್ತಿಲ್ಲವಲ್ಲ ಎಂದು ಯಾರೋ ಗೊಣಗಿದರು. ಸಂಘಟಕರು ನಕ್ಕು ಚೀಲದಿಂದ ಡ್ರೋನ್ ತೆಗೆದರು.

ಮೊದಲು ಸದ್ದೇ ಇರಲಿಲ್ಲ. ದಂಡೆಯುದ್ದಕ್ಕೂ ಕತ್ತುಗಳು ಒಟ್ಟಿಗೆ ಮೇಲೆದ್ದವು, ಅಷ್ಟೂ ಕತ್ತುಗಳು ನೆಟ್ಟಗೆ. ಬಳಿಕ ಮೂಗಿನಿಂದ ಹೊರಟಂತಹ ಕೂಗು ಒಂದು ತುದಿಯಿಂದ ಇನ್ನೊಂದು ತುದಿಗೆ ಹಬ್ಬಿತು, ಇಡೀ ಕೆರೆ ಎದ್ದು ಹೋಯಿತು. ಜನ ಚಪ್ಪಾಳೆ ತಟ್ಟಿದರು. ಎರಡು ನಿಮಿಷದಲ್ಲಿ ನೀರ ಮೇಲೆ ಉಳಿದದ್ದು ಹಾರಲು ಸೋಮಾರಿಗಳಾದ ಒಂದಷ್ಟು ನಾಮದ ಕೋಳಿಗಳು, ತೇಲುವ ಪುಕ್ಕಗಳು. ಹಿಂದಿನ ಹೊಲದಿಂದ ಬಂದ ಹಿರಿಯರೊಬ್ಬರು ಬೈಯಲಿಲ್ಲ. ‘ಹೀಗೆ ಎಬ್ಬಿಸಿದರೆ ಹಗಲಲ್ಲೇ ನನ್ನ ಕಡಲೆ ಹೊಲಕ್ಕೆ ಇಳಿಯುತ್ತವೆ ತಂಗಿ, ರಾತ್ರಿ ತಿನ್ನುವುದು ಸಾಲದೇ?’ ಎಂದು ನನ್ನನ್ನೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಹಿಮಾಲಯ ದಾಟುವಾಗ ಈ ಹಕ್ಕಿ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಂಥ ದಾರಿಯನ್ನು ಮತ್ತೆ ಹಿಡಿಯುವ ಮುನ್ನ ಮೈಗೂಡಿಸಿಕೊಳ್ಳಬೇಕಾದ ಕೊಬ್ಬನ್ನು ಯಾರದೋ ರೀಲ್ಸ್‌ಗಾಗಿ ಸುಡುತ್ತಿದ್ದೆವು.

ಸಂಜೆಯ ವಿಷಯ ಬರೆಯಲು ನಾಚಿಕೆಯಾಗುತ್ತದೆ. ಬಂಡೆಗಳ ನಡುವೆ ನಮ್ಮನ್ನು ಕೂರಿಸಿ, ಸ್ಪೀಕರಿನಲ್ಲಿ ಕೊಂಬಿನ ಗೂಬೆಯ ಕೂಗನ್ನು ಮತ್ತೆ ಮತ್ತೆ ಹಾಕಿದರು. ಗೂಬೆ ಬಂತು. ತನ್ನ ಜಾಗಕ್ಕೆ ಇನ್ನೊಂದು ಗೂಬೆ ನುಗ್ಗಿದೆಯೆಂದು ಜಗಳಕ್ಕೆ ಬರುವುದು ಅದು. ಮೊಟ್ಟೆ, ಮರಿಗಳ ಕಾಲವೂ ಅದೇ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನಾನೂ ಎದ್ದು ನಿಂತು ಫೋಟೋ ತೆಗೆದೆ.

ಮರುದಿನ ಕಪ್ಪತಗುಡ್ಡ. ಅದು ವನ್ಯಜೀವಿ ಧಾಮ. ಸಂಘಟಕರ ಬಳಿ ಅನುಮತಿ ಪತ್ರ ಇರಲಿಲ್ಲ. ಅರಣ್ಯ ರಕ್ಷಕರು ಬಸ್ಸನ್ನು ಮರ್ಯಾದೆಯಿಂದಲೇ ಹಿಂದಕ್ಕೆ ಕಳಿಸಿದರು. ದಾರಿಯಲ್ಲಿ ತಿಂದ ಮಿರ್ಚಿ ಭಜಿ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಅರ್ಧ ಹಣವನ್ನಾದರೂ ಹಿಂದಿರುಗಿಸಿ ಎಂದು ಗುಂಪಿನಲ್ಲಿ ಬರೆದೆ. ‘ಹಕ್ಕಿಗಳು ಪ್ರಕೃತಿಯ ಕೈಯಲ್ಲಿವೆ ಮೇಡಂ’ ಎಂಬ ಉತ್ತರ ಬಂತು. ಗ್ಯಾರಂಟಿ ಯಾರ ಕೈಯಲ್ಲಿತ್ತು ಎಂದು ಕೇಳುವಷ್ಟರಲ್ಲಿ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿದ್ದರು.

ಹಣ ಕಟ್ಟುವ ಮುನ್ನ ಒಂದು ಫೋನ್ ಮಾಡಿ. ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕೆರೆ ದಂಡೆಯಲ್ಲಿ ಎಷ್ಟು ಗಂಟೆಗೆ ಇರುತ್ತೇವೆ ಎಂದು ಕೇಳಿ. ಒಬ್ಬ ಮಾರ್ಗದರ್ಶಿಗೆ ಎಷ್ಟು ಮಂದಿ ಎಂದು ಕೇಳಿ. ಹನ್ನೆರಡು ದಾಟಿದರೆ ನಾನಂತೂ ಹೋಗುವುದಿಲ್ಲ. ಡ್ರೋನ್ ಹಾರಿಸುತ್ತೀರಾ, ಧ್ವನಿಮುದ್ರಣ ಹಾಕುತ್ತೀರಾ ಎಂದು ನೇರವಾಗಿಯೇ ಕೇಳಿ. ‘ಫೋಟೋಗೆ ಏನು ಬೇಕಾದರೂ ಮಾಡಿಕೊಡುತ್ತೇವೆ’ ಎಂದರೆ ಫೋನ್ ಇಟ್ಟುಬಿಡಿ. ಅಭಯಾರಣ್ಯವಿದ್ದರೆ ಅನುಮತಿ ಪತ್ರ ತೋರಿಸಲಿ.

ಕಾಲವನ್ನೂ ನೀವೇ ನೋಡಿಕೊಳ್ಳಿ. ನನ್ನ ಸಹೋದ್ಯೋಗಿಯೊಬ್ಬರು ಫೆಬ್ರುವರಿಯಲ್ಲಿ ಮಂಡಗದ್ದೆಯ ‘ಹಕ್ಕಿ ಉತ್ಸವ’ಕ್ಕೆ ಹೋಗಿ ತುಂಗೆಯನ್ನೂ ಬರಿದಾದ ಕೊಂಬೆಗಳನ್ನೂ ನೋಡಿ ಬಂದರು. ಮಂಡಗದ್ದೆ, ಗುಡವಿಗಳಲ್ಲಿ ಹಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರಿನ ಗದ್ದಲವೆಲ್ಲ ಜನವರಿಯಿಂದ ಬೇಸಿಗೆಯವರೆಗೆ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಕೆರೆಯ ಹೆಸರು ಹುಡುಕಿದರೆ ಈಚೆಗೆ ಯಾವ ಹಕ್ಕಿ ಎಷ್ಟು ಕಂಡವು ಎಂಬುದು ಪುಕ್ಕಟೆಯಾಗಿ ಸಿಗುತ್ತದೆ.

ಮಾಗಡಿಗೆ ನಾವಿಬ್ಬರೂ ಫೆಬ್ರುವರಿಯಲ್ಲಿ ಮತ್ತೆ ಹೋದೆವು. ಹಿಂದಿನ ರಾತ್ರಿ ಲಕ್ಷ್ಮೇಶ್ವರದಲ್ಲಿ ಉಳಿದು, ಆಟೋ ಹಿಡಿದು, ಕತ್ತಲಿರುವಾಗಲೇ ದಂಡೆಯಲ್ಲಿ ಕುಳಿತೆವು. ಖರ್ಚು ಇಬ್ಬರಿಗೂ ಸೇರಿ ಎರಡು ಸಾವಿರ ದಾಟಲಿಲ್ಲ. ಮಗಳು ಸಾಲುಗಳನ್ನು ಎಣಿಸುತ್ತಾ ಆರುನೂರರ ನಂತರ ಕೈಬಿಟ್ಟಳು.

ಈ ವರ್ಷದ ಕರಪತ್ರ ಮೊನ್ನೆ ಬಂದಿದೆ. ದರ 5,500. ಬಿಳಿ ಕ್ರೇನ್ ಅದೇ ಜಾಗದಲ್ಲಿ ನಿಂತಿದೆ.